ಮೊದಲು ಅಚ್ಚು, ಅನಂತರ ಎಂಜಿನ್

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಬೋಧಿಸುತ್ತ ಕೂದಲು ನರೆಸಿಕೊಂಡವನೊಬ್ಬನು ಆಟದ ಲಾರಿಯ ಎಂಜಿನ್ನನ್ನು ಕುರಿತು ಲೇಖನ ಬರೆಯಹೊರಟನೆಂದರೆ ಈ ಸಂಪುಟದ ವಾಚಕರು ಮುಗುಳ್ನಗುವುದು ಸಹಜವೇ ಸರಿ. ಸಂಪಾದಕ ಮಂಡಲಿಯವರೂ ಎಂದಿನಂತೆ ಭಾಷಾವಿಷಯವೊಂದನ್ನೇ ನನ್ನಿಂದ ನಿರೀಕ್ಷಿಸಿದ್ದರು. ಆದರೆ ಕಳೆದೆರಡು ವರ್ಷಗಳಿಂದ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ನಡೆದುಬಂದಿರುವ ವಿವಾದವೊಂದು ಇನ್ನೂ ಇತ್ಯರ್ಥವಾಗಿಲ್ಲ. ನೋಟಕ್ಕೆ ಅದು ಒಂದು ಆಟಿಕೆಯ ವಿಚಾರ. ಪರಿಶೀಲಿಸಿದರೆ ದಾನಿಗಳ ಹಣಕ್ಕೂ, ಉಪಾಧ್ಯಾಯರ ವಿವೇಕಕ್ಕೂ, ಮಕ್ಕಳ ಮನಸ್ಸಿಗೂ ಸಂಬಂಧಪಟ್ಟ ವಿಚಾರ. ಅದರಲ್ಲಿ ನನ್ನದೂ ಒಂದು ತಪ್ಪಿದೆಯಾದುದರಿಂದ, ನನ್ನ ಅಭಿಪ್ರಾಯವನ್ನು ಮೂವರ ಮುಂದೆಯೂ ಇಡುವುದು ಕರ್ತವ್ಯವೆಂದು ತಿಳಿದಿದ್ದೇನೆ.

ಸಂಗತಿ ಇಷ್ಟು. ಅಮೆರಿಕದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ತಾವು ಬಹುಕಾಲ ಓಡಿಸಿದ್ದ ರೇಡಿಯೋ ನಿಯಂತ್ರಿತ ಲಾರಿಯೊಂದನ್ನು ನಾಲ್ಕು ವರ್ಷಗಳ ಹಿಂದೆ ಶಾಲೆಯ ವಿಜ್ಞಾನ ಸಂಘಕ್ಕೆ ಕಳುಹಿಸಿಕೊಟ್ಟರು. ಮೊಳದುದ್ದದ ವಾಹನ, ನಾಲ್ಕು ಕಿಲೋಗ್ರಾಮಿನಷ್ಟು ತೂಕ, ಗೇಣಗಲದ ಗಾಲಿಗಳು, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ. ಎಂಜಿನ್ನಿನ ಗಾತ್ರ 2.5 ಘನ ಸೆಂಟಿಮೀಟರು. ಎರಡು ವರ್ಷ ಮಕ್ಕಳು ಅದನ್ನು ಬಿಚ್ಚಿದರು, ಜೋಡಿಸಿದರು, ಆಟದ ಬಯಲಿನಲ್ಲಿ ದಿಬ್ಬದಿಂದ ಹಾರಿಸಿದರು. ಅದನ್ನು ಕಂಡು ಸಂತೋಷಗೊಂಡ ಮತ್ತೊಂದು ತಂಡದ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ 3.5 ಘನ ಸೆಂಟಿಮೀಟರಿನ ಹೊಸ ಎಂಜಿನ್ನೊಂದನ್ನು ತರಿಸಿಕೊಟ್ಟರು. ವಾರ್ಷಿಕೋತ್ಸವಕ್ಕೆ ಎರಡು ವಾರ ಮುಂಚೆ ಅದನ್ನು ಕೂಡಿಸಲಾಯಿತು. ಉತ್ಸವದ ದಿನ ಅತಿಥಿಗಳ ಸಮ್ಮುಖದಲ್ಲಿ ಒಂಬತ್ತನೆಯ ತರಗತಿಯ, ವಿದ್ಯಾರ್ಥಿನಿಲಯದ ಹುಡುಗನೊಬ್ಬನ ಕೈಗೆ ನಿಯಂತ್ರಕವನ್ನು ಕೊಟ್ಟೆವು. ಮೂರನೆಯ ಸುತ್ತಿನಲ್ಲಿ ಲಾರಿ ದಿಬ್ಬದಿಂದ ಹಾರಿ ನೆಲಕ್ಕೆ ತಾಗಿದೊಡನೆ ಹಿಂಭಾಗದಲ್ಲಿ ಏನೋ ಪುಡಿಯಾದ ಸದ್ದಾಯಿತು. ಎಂಜಿನ್ ಕಿರುಚುತ್ತಿತ್ತು, ಗಾಲಿ ತಿರುಗಲಿಲ್ಲ. ‘ಓಡಿಸಲು ಬಾರದವನ ಕೈಗೆ ಕೊಟ್ಟರೆ ಹೀಗೆಯೇ’ ಎಂದು ಎಲ್ಲರೆದುರು ಆ ಹುಡುಗನನ್ನು ಗದರಿಸಿದವರಲ್ಲಿ ನಾನೂ ಒಬ್ಬ.

ನಮ್ಮ ಊರಿನಲ್ಲಿ ಲಾರಿ ಗ್ಯಾರೇಜು ನಡೆಸುವ ಹಳೆಯ ವಿದ್ಯಾರ್ಥಿಯೊಬ್ಬರು ಮರುದಿನ ಬಂದು, ಹಿಂದಿನ ಅಚ್ಚಿನ ಗೂಡನ್ನು ಬಿಚ್ಚಿ, ಅಂಗೈಯಲ್ಲಿ ನಾಲ್ಕಾರು ಲೋಹದ ಚೂರುಗಳನ್ನಿಟ್ಟು ತೋರಿಸಿದರು. ದೊಡ್ಡ ಲಾರಿಯವರು ಕ್ರೌನ್ ಪಿನಿಯನ್ ಎಂದು ಕರೆಯುವ ಜೋಡಿಯ ಹಲ್ಲುಗಳು ಅವು. ಪಕ್ಕದ ಬೇರಿಂಗು ಮೊದಲೇ ಸವೆದು ಸಡಿಲವಾಗಿತ್ತು. ಹಲ್ಲಿಗೆ ಹಲ್ಲು ಪೂರ್ಣವಾಗಿ ಕೂಡದೆ ತುದಿಯಲ್ಲಿ ಮಾತ್ರ ತಾಗುತ್ತಿತ್ತು. ‘ಸರ, ಎತ್ತು ಬದಲಿ ಮಾಡೀರಿ, ಅಚ್ಚು ಹಳೇದ ಬಿಟ್ಟೀರಿ’ ಎಂದರು ಅವರು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲ ಆ ಒಂದು ಮಾತಿನ ವ್ಯಾಖ್ಯಾನವಷ್ಟೇ. ಇಂಥ ವಾಹನವನ್ನು ಮೇಲ್ದರ್ಜೆಗೇರಿಸುವವರು ಗಾಲಿಯ ಕಡೆಯಿಂದ ಹೊರಟು ಎಂಜಿನ್ನಿನ ಕಡೆಗೆ ಬರಬೇಕು. ಎಂಜಿನ್ ಬದಲಾವಣೆ ಕಟ್ಟಕಡೆಯ ಕೆಲಸವಾಗಬೇಕು. ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ.

ವಾಹನದ ಪರಿಚಯವಿಲ್ಲದವರಿಗಾಗಿ ಅದರ ಸ್ವರೂಪವನ್ನು ಸಂಕ್ಷೇಪವಾಗಿ ನಿರೂಪಿಸುತ್ತೇನೆ. ಇದು ಪೆಟ್ರೋಲಿನಿಂದ ಓಡುವುದಿಲ್ಲ. ಮೆಥನಾಲ್ ಎಂಬ ಮದ್ಯಸಾರ, ನೈಟ್ರೋಮಿಥೇನ್ ಎಂಬ ದ್ರವ, ಜೊತೆಗೆ ಎಣ್ಣೆ, ಈ ಮೂರರ ಮಿಶ್ರಣವೇ ಇದರ ಇಂಧನ. ನೈಟ್ರೋಮಿಥೇನ್ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಅದರಿಂದಲೇ ‘ನೈಟ್ರೋ’ ಎಂಬ ರೂಢಿನಾಮ. ಎಣ್ಣೆಯ ಭಾಗದಲ್ಲಿ ಕೃತಕ ತೈಲಗಳೊಡನೆ ನಮ್ಮ ಹೊಲಗಳ ಬದುವಿನಲ್ಲಿ ಬೆಳೆಯುವ ಔಡಲದ ಎಣ್ಣೆಯೂ, ಅರ್ಥಾತ್ ಹರಳೆಣ್ಣೆಯೂ, ಬೆರೆತಿರುವುದುಂಟು. ನಮ್ಮ ಅಜ್ಜಂದಿರು ಗಾಡಿಯ ಅಚ್ಚಿಗೆ ಎರೆಯುತ್ತಿದ್ದ ಎಣ್ಣೆಯೇ ಈ ಪುಟ್ಟ ಎಂಜಿನ್ನಿನ ಜೀವವನ್ನೂ ಕಾಯುತ್ತಿದೆಯೆಂದು ತಿಳಿದಾಗ ಮಕ್ಕಳಿಗಾದ ಹರ್ಷ ವರ್ಣಿಸಲಸಾಧ್ಯ.

ಈ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲ. 1947ರ ಸುಮಾರಿಗೆ ಅಮೆರಿಕದ ರೇ ಆರ್ಡನ್ ಎಂಬವರು ಪ್ರಚಾರಕ್ಕೆ ತಂದ ಗ್ಲೋ ಪ್ಲಗ್ ಎಂಬ ಉಪಾಯ ಇದರಲ್ಲಿದೆ. ಪ್ಲಾಟಿನಂ ಬೆರೆತ ಸಣ್ಣ ತಂತಿಸುರುಳಿಯನ್ನು ಚಾಲನೆಯ ಹೊತ್ತಿಗೆ ಮಾತ್ರ ಬ್ಯಾಟರಿಯಿಂದ ಕೆಂಪಗೆ ಕಾಯಿಸುತ್ತಾರೆ. ಎಂಜಿನ್ ಹೊತ್ತಿಕೊಂಡ ಬಳಿಕ ಬ್ಯಾಟರಿಯನ್ನು ತೆಗೆದರೂ, ದಹನದ ಶಾಖದಿಂದಲೂ ಮೆಥನಾಲಿನೊಡನೆ ಪ್ಲಾಟಿನಂ ನಡೆಸುವ ರಾಸಾಯನಿಕ ವರ್ತನೆಯಿಂದಲೂ ಸುರುಳಿ ತಾನಾಗಿಯೇ ಕೆಂಡವಾಗಿ ಉಳಿಯುತ್ತದೆ. ಇದೇ ಬಗೆಯ ಎಂಜಿನ್ನು ಮಾದರಿ ವಿಮಾನಗಳಲ್ಲಿಯೂ ಇರುತ್ತದೆ, ಎನ್.ಸಿ.ಸಿ.ಯ ವಾಯುದಳ ವಿಭಾಗದಲ್ಲಿದ್ದವರು ಇದನ್ನು ಬಲ್ಲರು. ಆದರೆ ಸಾಮಾನ್ಯ ಮಾದರಿ ವಿಮಾನದಲ್ಲಿ ಎಂಜಿನ್ನಿನ ದಂಡಕ್ಕೇ ನೇರವಾಗಿ ಪಂಖವನ್ನು ಬಿಗಿದಿರುತ್ತಾರೆ; ನಡುವೆ ಹಲ್ಲುಗಾಲಿಯೇ ಇಲ್ಲ. ನೆಲದ ಮೇಲೆ ಓಡುವ ವಾಹನದ ಪಾಡು ಬೇರೆ. ನಿಮಿಷಕ್ಕೆ ಮೂವತ್ತು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುವ ದಂಡದ ಬಲವನ್ನು ನಿಧಾನಗೊಳಿಸಿ, ಹೆಚ್ಚಿಸಿ, ಹಂಚಿ ನಾಲ್ಕು ಗಾಲಿಗಳಿಗೆ ಮುಟ್ಟಿಸಬೇಕು.

ಹಾಗೆ ಮುಟ್ಟಿಸುವ ಸಾಧನಸರಣಿಯನ್ನು ಇಂಗ್ಲಿಷಿನಲ್ಲಿ ಡ್ರೈವ್‌ಟ್ರೇನ್ ಎನ್ನುತ್ತಾರೆ. ‘ಬಲವಾಹಿ ಸರಣಿ’ ಎಂದು ಕರೆದರೆ ಅರ್ಥ ಸ್ಪಷ್ಟವಾದೀತೆಂದು ನಾನು ಸೂಚಿಸಿದೆ. ಹುಡುಗರು ನಕ್ಕು, ಅನಂತರ ಆ ಹೆಸರನ್ನೇ ರೂಢಿಗೆ ತಂದರು. ಅದರ ಅಂಗಗಳು ಇವು: ಮೊದಲು ಕ್ಲಚ್ಚು. ಎಂಜಿನ್ ವೇಗಗೊಂಡಾಗ ಅದರ ಪಾದುಕೆಗಳು ಹೊರಚಿಮ್ಮಿ ಸುತ್ತಲಿನ ಗಂಟೆಯಾಕಾರದ ಬಟ್ಟಲನ್ನು ಹಿಡಿದುಕೊಳ್ಳುತ್ತವೆ. ಆ ಬಟ್ಟಲಿಗೆ ಸೇರಿದ ಸಣ್ಣ ಹಲ್ಲುಗಾಲಿ ಸ್ಪರ್ ಗಿಯರೆಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಅಲ್ಲಿಂದ ಗಿಯರ್ ಪೆಟ್ಟಿಗೆ. ಅದರಿಂದ ಹಿಂದಕ್ಕೂ ಮುಂದಕ್ಕೂ ಹೋಗುವ ಎರಡು ದಂಡಗಳು. ಎರಡು ಕೊನೆಗಳಲ್ಲಿಯೂ ಕ್ರೌನ್ ಪಿನಿಯನ್ನೂ ಡಿಫರೆನ್ಷಿಯಲ್ಲೂ ಇರುವ ಗೂಡುಗಳು. ಅಲ್ಲಿಂದ ಗಾಲಿಗಳಿಗೆ ಹೋಗುವ ಅಚ್ಚುಗಳು. ದೊಡ್ಡ ಲಾರಿಯಲ್ಲಿರುವುದೆಲ್ಲ ಇಲ್ಲಿ ಬೆರಳ ಗಾತ್ರದಲ್ಲಿದೆ. 1999ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಟ್ರ್ಯಾಕ್ಸಾಸ್ ಸಂಸ್ಥೆ ಹೊರತಂದ ಟಿ-ಮ್ಯಾಕ್ಸ್ ಎಂಬ ಮಾದರಿಯಲ್ಲಿ ತಾನಾಗಿ ಬದಲಾಗುವ ಎರಡು ಗಿಯರುಗಳೂ ಹಿಮ್ಮುಖ ಚಲನೆಯೂ ಇದ್ದವು. ಅದರ ಎಂಜಿನ್ 0.15 ಘನ ಅಂಗುಲದ್ದು, ಎಂದರೆ ಸುಮಾರು 2.5 ಘನ ಸೆಂಟಿಮೀಟರಿನದು. ಮುಂದಿನ ವರ್ಷಗಳಲ್ಲಿ ಅದೇ ಹೆಸರಿನ ವಾಹನ 3.3 ಘನ ಸೆಂಟಿಮೀಟರಿನ ಎಂಜಿನ್ನಿನೊಡನೆ ಬಂದಿತು. 3.5ಕ್ಕೂ 4.6ಕ್ಕೂ ಏರಿದ ಮಾದರಿಗಳನ್ನು ಬೇರೆ ತಯಾರಕರೂ ತಂದರು. ಹವ್ಯಾಸಿಗಳ ಆಸೆಯೂ ಅದೇ ಅಳತೆಯಲ್ಲಿ ಏರಿತು.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ಬಲವಾಹಿ ಸರಣಿಯಲ್ಲಿ ಬಲವು ಎಂಜಿನ್ನಿನಿಂದ ದೂರ ಹೋದಂತೆ ವೇಗ ತಗ್ಗುತ್ತದೆ, ತಿರುಚುವ ಶಕ್ತಿ ಹೆಚ್ಚುತ್ತದೆ. ಸಣ್ಣ ಹಲ್ಲುಗಾಲಿಗೆ 18 ಹಲ್ಲು, ದೊಡ್ಡದಕ್ಕೆ 72 ಹಲ್ಲು ಎಂದಿಟ್ಟುಕೊಳ್ಳೋಣ; ಅಲ್ಲಿ ನಾಲ್ಕು ಪಟ್ಟು ಇಳಿಕೆಯಾಯಿತು. ಮುಂದಿನ ಗಿಯರುಗಳೂ ಕ್ರೌನ್ ಪಿನಿಯನ್ನೂ ಸೇರಿ ಇನ್ನೈದು ಪಟ್ಟು ಇಳಿಸುತ್ತವೆಯೆನ್ನೋಣ. ಒಟ್ಟು ಇಪ್ಪತ್ತು ಪಟ್ಟು. ಎಂಜಿನ್ನು ನಿಮಿಷಕ್ಕೆ 30,000 ಸುತ್ತು ತಿರುಗಿದರೆ ಗಾಲಿ 1,500 ಸುತ್ತು ತಿರುಗುತ್ತದೆ. ಘರ್ಷಣೆಯ ನಷ್ಟವನ್ನು ಬದಿಗಿಟ್ಟರೆ, ತಿರುಚುವ ಶಕ್ತಿ ಮಾತ್ರ ಇಪ್ಪತ್ತು ಪಟ್ಟಾಗಿರುತ್ತದೆ. ಆದುದರಿಂದ ಎಂಜಿನ್ನಿನಲ್ಲಿ ಹೆಚ್ಚಿಸಿದ ಒಂದು ಪಾಲು ಬಲ ಕೊನೆಯ ಅಚ್ಚಿನ ಮೇಲೆ ಇಪ್ಪತ್ತು ಪಾಲಿನ ಹೊರೆಯಾಗಿ ಬೀಳುತ್ತದೆ. ಆ ಹೊರೆ ಸಾಮಾನ್ಯವಾಗಿ ನಾಲ್ಕು ಗಾಲಿಗಳಿಗೆ ಹಂಚಿಹೋಗುವುದೇನೋ ನಿಜ. ಆದರೆ ಮುಂಗಾಲಿಗಳು ಗಾಳಿಯಲ್ಲಿದ್ದು ಹಿಂಗಾಲಿಗಳು ಮಾತ್ರ ನೆಲವನ್ನು ಕಚ್ಚಿದ ಕ್ಷಣದಲ್ಲಿ ಹಂಚಿಕೊಳ್ಳುವವರಿಲ್ಲ.

ಇದಕ್ಕಿಂತಲೂ ದೊಡ್ಡ ಆಘಾತ ವಿರುದ್ಧ ದಿಕ್ಕಿನಿಂದ ಬರುತ್ತದೆ. ದಿಬ್ಬದಿಂದ ಹಾರಿದ ಲಾರಿಯ ಗಾಲಿಗಳು ಗಾಳಿಯಲ್ಲಿ ತಡೆಯಿಲ್ಲದೆ ತಿರುಗುತ್ತವೆ. ಎಂಜಿನ್ ಬಲಿಷ್ಠವಾಗಿದ್ದಷ್ಟೂ ಅರೆಕ್ಷಣದಲ್ಲಿ ಅವುಗಳ ವೇಗ ಏರುತ್ತದೆ. ನೆಲ ತಾಗಿದೊಡನೆ ಗಾಲಿ ಥಟ್ಟನೆ ನಿಧಾನಗೊಳ್ಳುತ್ತದೆ. ಇತ್ತ ಎಂಜಿನ್ನಿನ ತಿರುಗುಚಕ್ರ ಅದೇ ವೇಗದಲ್ಲಿ ಮುಂದುವರಿಯಬಯಸುತ್ತದೆ. ಈ ಎಳೆದಾಟದ ನಡುವೆ ಸಿಕ್ಕಿಬಿದ್ದ ಹಲ್ಲುಗಳೇ ಮುರಿಯತಕ್ಕವು. ಹಳೆಯ ಎಂಜಿನ್ನಿನಲ್ಲಿ ನೂರಾರು ಬಾರಿ ಹಾರಿದ ದಿಬ್ಬದಿಂದಲೇ ಹೊಸ ಎಂಜಿನ್ನಿನಲ್ಲಿ ಮೂರನೆಯ ಬಾರಿಗೆ ಹಲ್ಲು ಉದುರಿದ್ದು ಈ ಕಾರಣದಿಂದ. ಓಡಿಸಿದವನ ಕೈ ಬದಲಾಗಿರಲಿಲ್ಲ. ನಾವು ಕೂಡಿಸಿದ ಎಂಜಿನ್ ಬದಲಾಗಿತ್ತು.

ಹಾಗಾದರೆ ಮೇಲ್ದರ್ಜೆಗೇರಿಸುವ ಕ್ರಮವೇನು? ಮೊದಲನೆಯದು, ಇರುವುದನ್ನು ಸರಿಪಡಿಸುವುದು. ‘ಎಂಜಿನ್ನಿನಲ್ಲಿ ದಮ್ಮಿಲ್ಲ’ ಎಂಬ ದೂರು ಅನೇಕ ವೇಳೆ ಎಂಜಿನ್ನಿನ ದೋಷವಾಗಿರುವುದಿಲ್ಲ. ಧೂಳು ತುಂಬಿದ ಗಾಳಿಸೋಸಕ, ಬಳಲಿದ ಪ್ಲಗ್ಗು, ಜಾರುವ ಕ್ಲಚ್ಚು, ಗ್ರೀಸು ಒಣಗಿ ಬಿಗಿಯಾದ ಬೇರಿಂಗು, ತಪ್ಪಾಗಿ ತಿರುಗಿಸಿದ ಕಾರ್ಬೊರೇಟರ್ ಸೂಜಿ, ಇವುಗಳಲ್ಲಿ ಯಾವುದೊಂದಾದರೂ ಸಾಕು, ಒಳ್ಳೆಯ ಎಂಜಿನ್ ಬಡವಾಗಿ ಕಾಣುತ್ತದೆ. ಲಾರಿಯನ್ನು ಮೇಲೆತ್ತಿ, ಕ್ಲಚ್ಚಿನ ಬಟ್ಟಲನ್ನು ಬಿಡಿಸಿ, ಕೈಯಿಂದ ಗಾಲಿಗಳನ್ನು ತಿರುಗಿಸಿದರೆ ಸರಣಿಯಲ್ಲಿ ಬಿಗಿಯೆಲ್ಲಿದೆ, ಸಡಿಲವೆಲ್ಲಿದೆ ಎಂಬುದು ಬೆರಳಿಗೇ ತಿಳಿಯುತ್ತದೆ. ಈ ಪರೀಕ್ಷೆಗೆ ಒಂದು ಕಾಸೂ ಖರ್ಚಿಲ್ಲ.

ಎರಡನೆಯದು, ಅಚ್ಚಿನ ಗೂಡುಗಳು. ಸವೆದ ಬೇರಿಂಗುಗಳನ್ನು ತೆಗೆದು ಹೊಸವನ್ನು ಹಾಕಬೇಕು. ಕ್ರೌನ್ ಚಕ್ರದ ಬದಿಗೆ ಕಾಗದದಷ್ಟು ತೆಳುವಾದ ಷಿಮ್ ಬಿಲ್ಲೆಗಳನ್ನಿಟ್ಟು, ಹಲ್ಲು ಹಲ್ಲಿನೊಳಗೆ ಪೂರ್ಣವಾಗಿ ಕೂಡುವಂತೆಯೂ ಉಜ್ಜದೆ ತಿರುಗುವಂತೆಯೂ ಹೊಂದಿಸಬೇಕು. ಗೂಡಿನೊಳಗಿನ ಸಣ್ಣ ಗಿಯರುಗಳಿಗೆ ತಕ್ಕ ಗಟ್ಟಿತನದ ಸಿಲಿಕೋನ್ ಎಣ್ಣೆ ತುಂಬಿದರೆ, ಒಂದು ಗಾಲಿ ಗಾಳಿಯಲ್ಲಿದ್ದಾಗ ಬಲವೆಲ್ಲ ಅದರ ಪಾಲಾಗಿ ಸೋರಿಹೋಗುವುದು ಕಡಿಮೆಯಾಗುತ್ತದೆ. ಮೂರನೆಯದು, ದಂಡಗಳು. ಹೆಚ್ಚಿನ ಬಲಕ್ಕೆ ತಿರುಚಿಕೊಳ್ಳುವ ಪ್ಲಾಸ್ಟಿಕ್ಕಿನ ದಂಡಗಳ ಬದಲು ಉಕ್ಕಿನವು ದೊರೆಯುತ್ತವೆ. ನಾಲ್ಕನೆಯದು, ಬ್ರೇಕು. ಓಡುವ ಶಕ್ತಿಗಿಂತ ಮೊದಲು ನಿಲ್ಲುವ ಶಕ್ತಿ ಬರಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಐದನೆಯದು, ಕ್ಲಚ್ಚು, ಅದರ ಪಾದುಕೆ, ಸ್ಪ್ರಿಂಗು, ಬೇರಿಂಗುಗಳು. ಲೋಹಕ್ಕೆ ಲೋಹ ಕೂಡುವ ಸ್ಕ್ರೂಗಳಿಗೆಲ್ಲ ಬಿಗಿಕಾಯುವ ಅಂಟಿನ ಒಂದು ಹನಿ ಹಾಕಬೇಕು. ಇಲ್ಲವಾದರೆ ಎಂಜಿನ್ನಿನ ನಡುಕದಿಂದಲೇ ಅವು ಕಳಚಿಕೊಳ್ಳುತ್ತವೆ.

ಆರನೆಯದು, ಹಲ್ಲುಗಳ ಪ್ರಮಾಣ. ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಹಿಂದಿನ ಲೆಕ್ಕದಲ್ಲಿ ಗಾಲಿಯ ವ್ಯಾಸ 15 ಸೆಂಟಿಮೀಟರೆಂದು ಹಿಡಿದರೆ ಒಂದು ಸುತ್ತಿಗೆ ಸುಮಾರು 47 ಸೆಂಟಿಮೀಟರು ದಾರಿ ಸಾಗುತ್ತದೆ. 1,500 ಸುತ್ತಿಗೆ ನಿಮಿಷಕ್ಕೆ ಸುಮಾರು 705 ಮೀಟರು, ಗಂಟೆಗೆ ಸುಮಾರು 42 ಕಿಲೋಮೀಟರು. 18ರ ಬದಲು 22 ಹಲ್ಲು, 72ರ ಬದಲು 66 ಹಲ್ಲು ಹಾಕಿದರೆ ನಾಲ್ಕು ಪಟ್ಟಿನ ಇಳಿಕೆ ಮೂರಾಗುತ್ತದೆ. ಗಾಲಿ 2,000 ಸುತ್ತು ತಿರುಗುತ್ತದೆ. ವೇಗ ಗಂಟೆಗೆ ಸುಮಾರು 56 ಕಿಲೋಮೀಟರಾಗುತ್ತದೆ. ಎಂಜಿನ್ನನ್ನು ಮುಟ್ಟದೆಯೇ ವೇಗ ಮೂರನೆಯ ಒಂದು ಪಾಲು ಏರಿತೆಂದು ಹಿಗ್ಗುವಂತಿಲ್ಲ. ಎಳೆಯುವ ಬಲ ನಾಲ್ಕನೆಯ ಒಂದು ಪಾಲು ತಗ್ಗುತ್ತದೆ. ಹೊರಡುವಾಗ ಕ್ಲಚ್ಚು ಹೆಚ್ಚು ಜಾರುತ್ತದೆ. ಎಂಜಿನ್ ಹೆಚ್ಚು ಕಾಯುತ್ತದೆ. ಆ ವೇಗವನ್ನು ಮುಟ್ಟಿಸಲು ಅದಕ್ಕೆ ಶಕ್ತಿ ಸಾಲದೆಯೂ ಹೋಗಬಹುದು. ಮತ್ತೊಂದು ಮಾತು: ಡಿಕ್ಕಿಯ ಹೊಡೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರತಕ್ಕದ್ದು. 42ರಿಂದ 56ಕ್ಕೆ ಏರಿದಾಗ ಅದು ಒಂದೂಮುಕ್ಕಾಲು ಪಟ್ಟನ್ನು ಮೀರುತ್ತದೆ. ಹುಡುಗರು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ತಾವಾಗಿಯೇ ಮಾಡಿದರೆ, ಅನುಪಾತದ ಪಾಠ ಪರೀಕ್ಷೆಯ ಮರುದಿನವೂ ನೆನಪಿನಲ್ಲಿರುತ್ತದೆ.

ಏಳನೆಯದಾಗಿ, ಕೊನೆಯದಾಗಿ, ಎಂಜಿನ್. 2.5ರಿಂದ 3.5ಕ್ಕೆ ಹೋದರೆ ಗಾತ್ರ ನೂರಕ್ಕೆ ನಲವತ್ತು ಹೆಚ್ಚುತ್ತದೆ. ಅದರೊಡನೆ ಕೂಡಿಸುವ ಪೀಠ, ಹೊಗೆಕೊಳವೆ, ಕಾರ್ಬೊರೇಟರಿಗೆ ಹೋಗುವ ಸರಳು, ಒಮ್ಮೊಮ್ಮೆ ತಿರುಗುಚಕ್ರವೂ ಬದಲಾಗಬೇಕು. ಅದೇ ತೊಟ್ಟಿಯ ಇಂಧನ ಬೇಗ ಮುಗಿಯುತ್ತದೆ. ಇಂಥ ಎಂಜಿನ್ನುಗಳಲ್ಲಿ ಬಹುಪಾಲು ಎ.ಬಿ.ಸಿ. ಎಂಬ ರಚನೆಯವು, ಅದು ಅಕ್ಷರಮಾಲೆಯಲ್ಲ, ಅಲ್ಯೂಮಿನಿಯಂ ಪಿಸ್ಟನ್ನು, ಹಿತ್ತಾಳೆಯ ತೋಳು, ಅದರ ಮೇಲೆ ಕ್ರೋಮಿನ ಲೇಪ. ಪಿಸ್ಟನ್ನಿಗೆ ಉಂಗುರವಿಲ್ಲ. ತೋಳು ಮೇಲ್ಗಡೆ ಕೂದಲೆಳೆಯಷ್ಟು ಕಿರಿದಾಗಿರುತ್ತದೆ. ಕಾದು ಹಿಗ್ಗಿದಾಗಷ್ಟೇ ಎರಡಕ್ಕೂ ಸರಿಯಾದ ಹೊಂದಿಕೆ ಬರುತ್ತದೆ. ಆದುದರಿಂದ ಹೊಸ ಎಂಜಿನ್ನನ್ನು ಮೊದಲ ನಾಲ್ಕೈದು ತೊಟ್ಟಿಗಳವರೆಗೆ ಇಂಧನ ಧಾರಾಳವಾಗಿ ಹರಿಯುವಂತೆ ಇಟ್ಟು, ಸಾವಧಾನವಾಗಿ ಪಳಗಿಸಬೇಕು. ಎಣ್ಣೆ ಬರುವುದು ಇಂಧನದೊಡನೆಯೇ ಎಂಬುದನ್ನು ಮರೆಯಬಾರದು. ವೇಗದ ಆಸೆಯಿಂದ ಸೂಜಿಯನ್ನು ಬಿಗಿದು ಇಂಧನವನ್ನು ತಗ್ಗಿಸಿದವನು ಎಣ್ಣೆಯನ್ನೂ ತಗ್ಗಿಸುತ್ತಾನೆ. ಎಂಜಿನ್ ಒಂದೆರಡು ಸುತ್ತು ಅದ್ಭುತವಾಗಿ ಓಡಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಸೂಜಿಯನ್ನು ಒಂದು ಸುತ್ತಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸದೆ, ಎಂಜಿನ್ನಿನ ತಲೆಯ ಶಾಖ ಸುಮಾರು 100ರಿಂದ 120 ಡಿಗ್ರಿ ಸೆಂಟಿಗ್ರೇಡಿನಲ್ಲಿರುವಂತೆ ಅಳೆದು ನೋಡಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಹಾಗಾದರೆ ಸರಣಿಯ ಪ್ರತಿಯೊಂದು ಅಂಗವನ್ನೂ ಉಕ್ಕಿನದನ್ನಾಗಿ ಮಾಡಿಬಿಡೋಣ’ ಎಂದು ಉತ್ಸಾಹಿಗಳು ಹೇಳುತ್ತಾರೆ. ಅದು ಸಾಧುವಲ್ಲ. ಎಲ್ಲವೂ ಸಮಾನವಾಗಿ ಕಠಿಣವಾದರೆ ಆಘಾತ ಎಲ್ಲಿಯೂ ತಂಗದೆ, ಅತ್ಯಂತ ಬೆಲೆಬಾಳುವ ಅಂಗದಲ್ಲಿ ಹೋಗಿ ಸಿಡಿಯುತ್ತದೆ. ಮನೆಯ ವಿದ್ಯುತ್ತಿಗೆ ಫ್ಯೂಸು ಹೇಗೋ ಹಾಗೆ ಬಲವಾಹಿ ಸರಣಿಗೂ ಬಾಗಬಲ್ಲ, ಅಗತ್ಯವಿದ್ದರೆ ಮುರಿಯಬಲ್ಲ ಒಂದು ಅಂಗ ಬೇಕು. ಪ್ಲಾಸ್ಟಿಕ್ಕಿನ ಸ್ಪರ್ ಗಿಯರು ಆ ಸ್ಥಾನಕ್ಕೆ ಯೋಗ್ಯ. ಅದು ಅಗ್ಗ, ಬಿಚ್ಚಿ ಹಾಕುವುದು ಸುಲಭ. ಅದಕ್ಕೂ ಸಣ್ಣ ಹಲ್ಲುಗಾಲಿಗೂ ನಡುವೆ ಕಾಗದದ ಪಟ್ಟಿಯೊಂದನ್ನು ಹಾಯಿಸಿ ಬಿಗಿದು, ಬಳಿಕ ಪಟ್ಟಿಯನ್ನು ಎಳೆದುಕೊಂಡರೆ ಬೇಕಾದಷ್ಟೇ ಅಂತರ ಉಳಿಯುತ್ತದೆ. ಎಲ್ಲಿ ಮುರಿಯಬೇಕೆಂಬುದನ್ನು ಮೊದಲೇ ನಿಶ್ಚಯಿಸಿಟ್ಟವನಿಗೆ ಮುರಿದಾಗ ನಷ್ಟ ಕಡಿಮೆ.

ನನ್ನ ಅಭಿಪ್ರಾಯಕ್ಕೆ ಎರಡು ಆಕ್ಷೇಪಗಳು ಬಂದಿವೆ. ಮೊದಲನೆಯದು ನಮ್ಮ ವಿಜ್ಞಾನದ ಅಧ್ಯಾಪಕರದು: ‘ಎಂಜಿನ್ನನ್ನು ಕೂಡಿಸೋಣ; ಮುರಿದದ್ದನ್ನು ಮುರಿದ ಹಾಗೆ ಬದಲಾಯಿಸೋಣ; ದುರ್ಬಲ ಅಂಗ ಯಾವುದೆಂದು ವಾಹನವೇ ಹೇಳುತ್ತದೆ.’ ಈ ವಾದದಲ್ಲಿ ಸತ್ಯಾಂಶವಿದೆ. ಹವ್ಯಾಸಿಗಳಲ್ಲಿ ಅನೇಕರು ಕಲಿತಿರುವುದು ಹೀಗೆಯೇ. ಬಿಡಿಭಾಗದ ಅಂಗಡಿ ಬೀದಿಯ ತುದಿಯಲ್ಲಿಯೇ ಇರುವ, ಕೈಯಲ್ಲಿ ಹಣವಿರುವ ಒಬ್ಬ ವ್ಯಕ್ತಿಗೆ ಅದು ಒಪ್ಪುವ ಮಾರ್ಗ. ನಮ್ಮ ಸ್ಥಿತಿ ಹಾಗಿಲ್ಲ. ಒಂದು ಪಿನಿಯನ್ನಿಗಾಗಿ ನಾವು ತಿಂಗಳುಗಟ್ಟಲೆ ಕಾಯಬೇಕು. ಅದಲ್ಲದೆ, ಮುರಿದಾಗಲೆಲ್ಲ ಯಾವನೋ ಒಬ್ಬ ಹುಡುಗನ ಕೈಯಲ್ಲಿ ನಿಯಂತ್ರಕವಿರುತ್ತದೆ. ಮುರಿಯಲೆಂದೇ ಓಡಿಸುವ ಪ್ರಯೋಗದಲ್ಲಿ ಅಪರಾಧಿ ಅವನಾಗುತ್ತಾನೆ.

ಎರಡನೆಯ ಆಕ್ಷೇಪ ತರುಣ ಇಂಜಿನಿಯರರದು: ‘ನೈಟ್ರೋ ಕಾಲ ಮುಗಿಯುತ್ತ ಬಂದಿದೆ, ಬ್ರಷ್‌ಲೆಸ್ ವಿದ್ಯುತ್ ಮೋಟಾರೂ ಲಿಥಿಯಂ ಬ್ಯಾಟರಿಯೂ ಹಾಕಿಬಿಡಿ.’ ಅವರ ಮಾತು ವಾಸ್ತವ. ಈ ಹವ್ಯಾಸದಲ್ಲಿ ವಿದ್ಯುತ್ತಿನದೇ ಮೇಲುಗೈಯಾಗಿದೆ. ಅದು ಶುಚಿ, ನಿಶ್ಶಬ್ದ, ಬಲಿಷ್ಠ. ಆದರೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ಭಾರಿ ತಿರುಚುಬಲವನ್ನು ಕೊಡುತ್ತದೆ. ನಡುವೆ ಜಾರಿ ಆಘಾತವನ್ನು ನುಂಗಿಕೊಳ್ಳುವ ಕ್ಲಚ್ಚೂ ಹಲವು ವಾಹನಗಳಲ್ಲಿರುವುದಿಲ್ಲ. ಆದುದರಿಂದ ಸವೆದ ಅಚ್ಚಿಗೆ ಅದು ಇನ್ನೂ ನಿಷ್ಠುರ. ಬಲದ ಮೂಲ ಬದಲಾಗಬಹುದು. ಹೊರುವ ಅಂಗವನ್ನು ಮೊದಲು ಸಿದ್ಧಪಡಿಸಬೇಕೆಂಬ ನಿಯಮ ಬದಲಾಗದು.

ಇಂಧನದ ವಿಷಯದಲ್ಲಿಯೂ ಪೋಷಕರು ಕೇಳಬಹುದು. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು ಕಳೆಯಬಲ್ಲದು, ಪ್ರಾಣವನ್ನೂ ತೆಗೆಯಬಲ್ಲದು. ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಆದಕಾರಣ ಇಂಧನದ ಡಬ್ಬಿ ಬೀಗದೊಳಗೆ, ಅಧ್ಯಾಪಕರ ವಶದಲ್ಲಿ ಇರತಕ್ಕದ್ದು. ತುಂಬುವುದು ಬಯಲಿನಲ್ಲಿ, ಕೈಚೀಲ ತೊಟ್ಟು. ರೇಡಿಯೋ ಸಂಕೇತ ಕಡಿದುಹೋದರೆ ಲಾರಿ ತಾನಾಗಿ ಬ್ರೇಕು ಹಿಡಿಯುವಂತೆ ರಕ್ಷಾವ್ಯವಸ್ಥೆಯನ್ನು ಪ್ರತಿ ಓಟಕ್ಕೂ ಮುನ್ನ ಪರೀಕ್ಷಿಸಬೇಕು. ಗಂಟೆಗೆ 50 ಕಿಲೋಮೀಟರಿನ ವೇಗದಲ್ಲಿ ಬರುವ ನಾಲ್ಕು ಕಿಲೋಗ್ರಾಂ ತೂಕದ ವಸ್ತುವನ್ನು ಆಟಿಕೆಯೆಂದು ಕರೆಯುವುದು ಕೇವಲ ಉಪಚಾರದ ಮಾತು.

ಈಗ ದಾನಿಗಳಲ್ಲಿ ನನ್ನ ವಿಜ್ಞಾಪನೆ. ಮಹನೀಯರೊಬ್ಬರು ಇದೀಗ 4.6 ಘನ ಸೆಂಟಿಮೀಟರಿನ ಎಂಜಿನ್ನೊಂದನ್ನು ಕೊಡಲು ಮುಂದೆ ಬಂದಿದ್ದಾರೆ. ಅವರ ಔದಾರ್ಯಕ್ಕೆ ನಾವು ಕೃತಜ್ಞರು. ಆದರೆ ಆ ಎಂಜಿನ್ನನ್ನು ಈ ವರ್ಷ ಸ್ವೀಕರಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಹಣದಲ್ಲಿ ಒಂದು ಪೂರ್ತಿ ಬೇರಿಂಗು ವರಸೆ, ಎರಡು ಜೊತೆ ಕ್ರೌನ್ ಪಿನಿಯನ್, ಉಕ್ಕಿನ ದಂಡಗಳು, ಹತ್ತು ಸ್ಪರ್ ಗಿಯರುಗಳು, ಶಾಖ ಅಳೆಯುವ ಉಪಕರಣ, ಒಳ್ಳೆಯ ಸ್ಕ್ರೂಡ್ರೈವರುಗಳು, ಷಿಮ್ ಬಿಲ್ಲೆಗಳ ಪೊಟ್ಟಣ ಇವುಗಳನ್ನು ಕೊಡಿಸಬೇಕೆಂದು ಬೇಡುತ್ತೇನೆ. ಎಂಜಿನ್ನಿನ ಮೇಲೆ ದಾನಿಯ ಹೆಸರನ್ನು ಕೆತ್ತಿಸಬಹುದು, ಬೇರಿಂಗಿನ ಮೇಲೆ ಕೆತ್ತಿಸಲಾಗದು ಎಂಬುದು ನನಗೂ ಗೊತ್ತು. ಆದರೂ ಓಡುವುದು ಬೇರಿಂಗಿನ ಮೇಲೆಯೇ. ಶಾಲೆಯ ಇತರ ಕಾರ್ಯಗಳಿಗೂ ಈ ಮಾತನ್ನು ಅನ್ವಯಿಸಿಕೊಳ್ಳಬಹುದೆಂದು ಬಿಡಿಸಿ ಹೇಳುವ ಅಗತ್ಯ ಈ ಸಂಪುಟದ ವಾಚಕರಿಗಿಲ್ಲ.

ಅಧ್ಯಾಪಕ ಮಿತ್ರರಲ್ಲಿ ಇನ್ನೊಂದು ಮಾತು. ಗೂಡು ಬಿಚ್ಚಿದ ದಿನ ಸಂಜೆ ಆ ಹುಡುಗನನ್ನು ಕರೆಸಿ, ತಪ್ಪು ನಿನ್ನದಲ್ಲಪ್ಪ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಹೇಳಿದ: ‘ಹಿಂದಿನ ದಿನಾನ ಹೇಳಿದ್ದೆನ್ರಿ ಸರ, ಹಿಂದ ಕರಕರ ಸಪ್ಪಳ ಬರತೈತಿ ಅಂತ. ಫಂಕ್ಷನ್ ಮುಗೀಲಿ, ಆಮ್ಯಾಲ ನೋಡೋಣ ಅಂದ್ರಿ.’ ಹಾಗೆ ಅಂದವನು ನಾನೇ. ವಾಹನದ ಸವೆದ ಬೇರಿಂಗು ಮುರಿಯುವ ಮೊದಲೇ ತನ್ನ ಸ್ಥಿತಿಯನ್ನು ಸದ್ದಿನಿಂದ ತಿಳಿಸಿತ್ತು. ಅದು ಕೇಳಿಸಿದ್ದು ನಿತ್ಯವೂ ಅದರ ಬಳಿ ಕುಳಿತಿರುತ್ತಿದ್ದ ಒಬ್ಬನಿಗೆ. ಅವನು ಅದನ್ನು ಹೇಳಬೇಕಾದವರಿಗೆ ಹೇಳಿಯೂ ಇದ್ದ. ಹೊಸ ಎಂಜಿನ್ನಿನ ಆರ್ಭಟವನ್ನು ಅತಿಥಿಗಳಿಗೆ ತೋರಿಸುವ ಆತುರದಲ್ಲಿ ಆ ಸಣ್ಣ ಸದ್ದು ನಮಗೆ ಬೇಡವಾಗಿತ್ತು.

ಅವನು ಈಗ ಹತ್ತನೆಯ ತರಗತಿಯನ್ನು ಮುಗಿಸಿ ಬೇರೆಡೆಗೆ ಓದಲು ಹೋಗಿದ್ದಾನೆ. ಆ ಘಟನೆಯ ನಂತರ ವಿಜ್ಞಾನ ಸಂಘದ ಕೊಠಡಿಗೆ ಅವನು ಬರಲಿಲ್ಲ, ಕರೆದರೂ ಬರಲಿಲ್ಲ. ಎಲ್ಲರೆದುರು ಆಡಿದ ಮಾತನ್ನು ಏಕಾಂತದಲ್ಲಿ ಹಿಂತೆಗೆದುಕೊಂಡರೆ ಅದು ಪೂರ್ತಿ ಹಿಂದಕ್ಕೆ ಬಾರದೆಂಬುದನ್ನು ನಾನು ತಿಳಿದುಕೊಂಡೆ. ಆದುದರಿಂದ ಈ ಸಂಪುಟದಲ್ಲಿ, ಎಲ್ಲರೆದುರಿಗೇ, ಬರೆಯುತ್ತಿದ್ದೇನೆ: ಅಂದು ಲಾರಿಯನ್ನು ಮುರಿದವನು ಅವನಲ್ಲ. ಲಾರಿ ಇನ್ನೂ ಸಂಘದ ಮೇಜಿನ ಮೇಲಿದೆ. ಹಳೆಯ 2.5ರ ಎಂಜಿನ್ನನ್ನು ತೊಳೆದು ಎಣ್ಣೆ ಹಾಕಿ ಇಟ್ಟಿದ್ದೇವೆ. ಮುಂದಿನ ವರ್ಷ ಅದರ ಹಿಂದಿನ ಅಚ್ಚು, ಮುಂದಿನ ಅಚ್ಚು, ದಂಡ, ಬ್ರೇಕು, ಕ್ಲಚ್ಚುಗಳನ್ನು ಮಕ್ಕಳು ಕ್ರಮವಾಗಿ ಸಿದ್ಧಪಡಿಸಲಿ. ಅನಂತರ ಹೊಸ ಎಂಜಿನ್ನು ಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಲಿ. ಮೊದಲ ಓಟಕ್ಕೆ ಆ ಹುಡುಗನಿಗೆ ಆಮಂತ್ರಣ ಹೋಗಬೇಕೆಂಬುದು ನನ್ನ ಅರಿಕೆ.